ಕೈ ತೊಳೆಯದ ಕಾವಲುಗಾರರು

ನಮ್ಮ ಊರಿನ ಕಾವಲುಗಾರರಿಗೆ ಕಣ್ಣುಗಳಿದ್ದವು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಕೆಲಸಕ್ಕೆ ಸೇರಿದ ದಿನವೇ ಅವಕ್ಕೆ ಕಪ್ಪು ಬಟ್ಟೆ ಕಟ್ಟಿಬಿಡುತ್ತಿದ್ದರು. ಕಣ್ಣಿಗೆ ದಾಕ್ಷಿಣ್ಯವಿದೆ, ಅಣ್ಣನನ್ನು ನೋಡಿದರೆ ಅಣ್ಣ ಅನ್ನುತ್ತದೆ, ಮಾವನನ್ನು ನೋಡಿದರೆ ಮಾವ ಅನ್ನುತ್ತದೆ. ಅಂಗೈಗೆ ನೆಂಟರಿಲ್ಲ. ಹೀಗೆಂದು ಊರು ಕಟ್ಟಿದವರು ಕೋಟೆಯ ಬಾಗಿಲ ಮೇಲೆ ಕೆತ್ತಿಸಿದ್ದರು. ಆದ್ದರಿಂದ ನಮ್ಮ ಕಾವಲುಗಾರ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ಹೆಸರು ಕೇಳುತ್ತಿರಲಿಲ್ಲ. ಅಂಗೈ ಚಾಚಿ ಸವರುತ್ತಿದ್ದ. ಅಂಗೈ ಜಾರಿದರೆ ನಮ್ಮದು. ಅಂಗೈ ಅಂಟಿದರೆ ಶತ್ರು. ಶತ್ರುವಾದರೆ ಮೊದಲು ಕಹಳೆ, ಆಮೇಲೆ ಬಲೆ, ಆಮೇಲೆ ಬೆಂಕಿ. ವಿಚಾರಣೆ ಅನ್ನುವುದು ಈ ಮೂರರಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ.

ನಗಬೇಡಿ. ಒಂದು ಕಾಲಕ್ಕೆ ಈ ನಿಯಮ ಸರಿಯಾಗಿಯೇ ಇತ್ತು. ಕೋಟೆಯ ಸುತ್ತ ಜಾಲಿಯ ಕಾಡು. ಕಾಡು ಹಾದು ಗೋಡೆ ಹತ್ತಿ ಬರುವ ಕಳ್ಳನ ಮೈಗೆಲ್ಲ ಜಾಲಿಯ ಅಂಟು ಮೆತ್ತಿಕೊಂಡಿರುತ್ತಿತ್ತು. ಒಳಗೆ ಹುಟ್ಟಿ ಬೆಳೆದವರ ಮೈ ನುಣುಪು, ಒಳಗಿನ ಗೋಡೆ ನುಣುಪು, ಕಂಬ ನುಣುಪು. ಎಷ್ಟೋ ತಲೆಮಾರು ಅಂಗೈ ತಪ್ಪು ಹೇಳಲಿಲ್ಲ. ತಪ್ಪು ಹೇಳದ್ದನ್ನು ನಾವು ದೇವರು ಮಾಡಿಕೊಂಡೆವು. ಕಾವಲುಗಾರನ ಅಂಗೈಗೆ ನೀರು ಸೋಕಬಾರದು, ಸೋಕಿದರೆ ಅದರ ಅರಿವು ಕರಗಿ ಹೋಗುತ್ತದೆ ಎಂದು ಇನ್ನೊಂದು ನಿಯಮ ಸೇರಿತು. ಅವರಿಗೆ ಊಟ ಮಾಡಿಸುವವರು ಬೇರೆ, ಮುಖ ತೊಳೆಸುವವರು ಬೇರೆ. ಹುಟ್ಟಿದ ಮಗುವನ್ನು ಒಯ್ದು ಆ ಕೊಳೆ ಅಂಗೈಯ ಕೆಳಗೆ ಹಿಡಿದು, ಜಾರಿತು ಎಂದರೆ ಸಾಕು, ಮನೆಯವರು ಕೊಬ್ಬರಿ ಹಂಚುತ್ತಿದ್ದರು.

ನಾನು ಈ ಊರಿನ ಏಳು ಜನ ಹಿರಿಯರಲ್ಲಿ ಒಬ್ಬ. ಹಿರಿಯರೆಂದರೆ ಏನು ಮಾಡುವವರು ಎಂದು ಕೇಳಿದರೆ, ತಲೆ ಆಡಿಸುವವರು. ಕಾವಲುಗಾರರು ಏನು ಮಾಡಿದರೂ ಸಂಜೆ ಬಂದು ಕಟ್ಟೆಯ ಮುಂದೆ ಹೇಳುತ್ತಾರೆ; ನಾವು ಏಳೂ ಜನ ತಲೆ ಆಡಿಸುತ್ತೇವೆ. ಅವರ ಕಣ್ಣಿಗೆ ಬಟ್ಟೆ ಕಟ್ಟಿದೆಯಲ್ಲ, ತಲೆ ಆಡಿಸಿದ್ದು ಅವರಿಗೆ ಕಾಣುವುದಾದರೂ ಹೇಗೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಷ್ಟು ಬುದ್ಧಿವಂತರು ನಾವು.

ನಮ್ಮ ಊರಿಗೆ ಅನ್ನವೆಂದರೆ ಬೆಲ್ಲದ ಪಾಕ. ಬೀದಿ ಬೀದಿಯ ಕಾಲುವೆಯಲ್ಲಿ ಅದು ಹರಿದು ಬರುತ್ತದೆ. ಪ್ರತಿ ಮನೆಯ ಗೋಡೆಗೂ ಒಂದು ಕಿಂಡಿ, ಕಿಂಡಿಗೊಂದು ಬೀಗ. ಮೇಣದ ಕೀಲಿ ಹಾಕಿದರೆ ಕಿಂಡಿ ತೆರೆದು ಮನೆಯ ಪಾಲು ಒಳಗೆ ಬೀಳುತ್ತದೆ, ಕೀಲಿ ಕರಗಿ ಹೋಗುತ್ತದೆ. ಮುಂದಿನ ಊಟಕ್ಕೆ ಹೊಸ ಕೀಲಿ. ಈ ಕೀಲಿ ಮಾಡುವವರು ಊರಿನ ನಡುಮಧ್ಯೆ, ಕಾಲುವೆಗಳ ಒಳಗಿನ ಪುಟ್ಟ ನಡುಗಡ್ಡೆಗಳಲ್ಲಿ ಇದ್ದರು. ಬಾಯಿಲ್ಲದ ಜನ. ಎಷ್ಟು ಪಾಕ ಬಂತೋ ಅಷ್ಟಕ್ಕೇ ಕೀಲಿ ಮಾಡುತ್ತಿದ್ದರು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರನ್ನು ಯಾರಾದರೂ ಹೊಗಳಿದ್ದು ನನಗೆ ನೆನಪಿಲ್ಲ.

ಕಾವಲುಗಾರರಲ್ಲದೆ ನಮ್ಮಲ್ಲಿ ಸೈನಿಕರೂ ಇದ್ದರು. ಅವರು ಓದು ಬಲ್ಲವರು, ಪಟ್ಟಿಯಲ್ಲಿ ಹೆಸರಿದ್ದವರನ್ನು ಮಾತ್ರ ಕೊಲ್ಲುವವರು. ಒಂದು ಚಳಿಗಾಲ ಅವರ ಪಟ್ಟಿಯಲ್ಲಿ ಕೀಲಿಗಾರರ ಹೆಸರು ಬಂತು. ಬರೆದವರು ಯಾರೋ ಗೊತ್ತಿಲ್ಲ. ಓದಿದವರು ಯಾಕೆ ಎಂದು ಕೇಳಲಿಲ್ಲ. ಕಾವಲುಗಾರರು ದಾರಿ ಬಿಟ್ಟುಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯಿತು. ಬೇಸಿಗೆ ಬರುವ ಹೊತ್ತಿಗೆ ನಡುಗಡ್ಡೆಗಳಲ್ಲಿ ಒಂದು ಒಲೆಯೂ ಉರಿಯುತ್ತಿರಲಿಲ್ಲ. ಸೈನಿಕರು ಪಟ್ಟಿ ಮಡಚಿ ಇಟ್ಟರು. ಹಿರಿಯರಾದ ನಾವು ವಿಷಾದ ಸೂಚಿಸಿ ಎದ್ದೆವು.

ಆಮೇಲೆ ಕಿಂಡಿಗಳು ತೆರೆಯಲಿಲ್ಲ. ಹೊರಗೆ ಪಾಕ ಸೊಂಟದ ಮಟ್ಟ ಹರಿಯಿತು, ಒಳಗೆ ಜನ ಹಸಿದು ಮುರುಟಿದರು. ಊರು ಒಂದು ತಿಂಗಳೂ ಉಳಿಯುತ್ತಿರಲಿಲ್ಲ. ಆಗ ಹೊರಗಿನವನೊಬ್ಬ ಗೋಡೆಗೆ ಸೂಜಿಯ ಗಾತ್ರದ ತೂತು ಕೊರೆದು ಕೀಲಿಗಳನ್ನು ತೂರಿಸತೊಡಗಿದ. ಊಟಕ್ಕೆ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ, ದಿನವೂ, ಬಿಡದೆ. ಅವನನ್ನು ಕೀಲಿ ತರುವವನು ಎಂದೆವು. ಅವನು ಒಳಗಿನ ಪಾಕ ಕಾಣದವನು, ಅಂದಾಜಿನ ಮೇಲೆ ತರುವವನು. ಕಡಿಮೆಯಾದ ದಿನ ಕಾಲುವೆ ಉಕ್ಕುತ್ತಿತ್ತು, ಹೆಚ್ಚಾದ ದಿನ ಕಾಲುವೆ ಬತ್ತಿ ಊರೆಲ್ಲ ಬೆವರಿ ನಡುಗುತ್ತಿತ್ತು. ಊರು ಉಳಿದದ್ದು ಅವನಿಂದ. ಅವನಿಗೆ ನಾವು ಕಟ್ಟೆಯ ಮೇಲೆ ಒಂದು ಮೆತ್ತೆಯನ್ನೂ ಹಾಕಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಕಾಲುವೆ ಉಕ್ಕಿದಾಗಲೆಲ್ಲ ಪಾಕ ಮುಟ್ಟಿದ ಕಡೆ ತೆಳ್ಳನೆಯ ಪದರವೊಂದು ಉಳಿಯುತ್ತಿತ್ತು. ಗೋಡೆಯ ಮೇಲೆ ಪದರ, ಕಂಬದ ಮೇಲೆ ಪದರ, ನಮ್ಮ ಮೈಮೇಲೆ ಪದರ. ಈಗ ಕಾವಲುಗಾರರ ಅಂಗೈ ಎಲ್ಲಿಟ್ಟರೂ ಅಂಟತೊಡಗಿತು. ಅವರ ಸಂಭ್ರಮ ನೋಡಬೇಕಿತ್ತು! ಕೆಲಸಕ್ಕೆ ಸೇರಿದಂದಿನಿಂದ ಗೋಡೆಗೊರಗಿ ಆಕಳಿಸುತ್ತಿದ್ದವರಿಗೆ ಒಂದೇ ದಿನ ನೂರು ಶತ್ರುಗಳು ಸಿಕ್ಕರು. ಕಹಳೆ, ಬಲೆ, ಬೆಂಕಿ. ಮೂಡಣ ಗೋಪುರದ ದೀಪಕ್ಕೆ ಎಣ್ಣೆ ಒಯ್ಯುವ ಸಣ್ಣ ಕೊಳವೆಗಳು ಅಂಟಿದವು. ಬಲೆ ಬಿತ್ತು, ಬೆಂಕಿ ಬಿತ್ತು, ಗೋಪುರ ಮಬ್ಬಾಯಿತು. ತೆಂಕಣ ಬಾಗಿಲಿಂದ ಸುದ್ದಿ ತರುವ ಗಂಟೆಯ ಹಗ್ಗಗಳು ಅಂಟಿದವು. ಬಲೆ ಬಿತ್ತು, ಬೆಂಕಿ ಬಿತ್ತು, ತೆಂಕಣ ದಿಕ್ಕು ಮೂಕವಾಯಿತು. ಸಂಜೆ ಕಟ್ಟೆಯ ಮುಂದೆ ಬಂದು, ಶತ್ರುವನ್ನು ಸುಟ್ಟೆವು ಎಂದರು. ನಾವು ತಲೆ ಆಡಿಸಿದೆವು.

ಅದೇ ವಾರ ನಿಜವಾದ ಕಳ್ಳನೊಬ್ಬ ತೆಂಕಣ ಬಾಗಿಲಲ್ಲಿ ಬಂದ. ಗಂಟೆ ಬಡಿಯಲಿಲ್ಲ, ಹಗ್ಗವೇ ಇರಲಿಲ್ಲವಲ್ಲ. ಅವನು ಕಂದಕದಲ್ಲಿ ಚೆನ್ನಾಗಿ ಮಿಂದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಕಾವಲುಗಾರ ಸವರಿದ, ಅಂಗೈ ಜಾರಿತಂತೆ. ಕಳ್ಳ ಮೂರು ತಿಂಗಳು ಆ ಕೇರಿಯಲ್ಲಿ ಬಿಡಾರ ಹೂಡಿ ಕೇರಿಯನ್ನೇ ಕೊಳೆಯಿಸಿ ಕಪ್ಪು ಮಾಡಿದ. ಕೊನೆಗೆ ಆ ಕೇರಿಯನ್ನು ಊರಿನಿಂದ ಕತ್ತರಿಸಿ ಹಾಕಬೇಕಾಯಿತು. ಹಾಗೇಕಾಯಿತು ಎಂದು ಕೇಳಿದರೆ ಕಾವಲುಗಾರರು, ಇನ್ನೂ ಹೆಚ್ಚು ಸುಡಬೇಕಿತ್ತು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಊರಲ್ಲೂ ಇರುತ್ತಾರೆ. ಬರೆ ಹಾಕಿದ್ದಕ್ಕೆ ಶಾಲು ಹೊದೆಸುವವರು ನಮ್ಮ ಊರಲ್ಲಿ ಮಾತ್ರ.

ಇನ್ನು ಸೋಸುವವಳ ಮಾತು. ಈ ಕಥೆಯಲ್ಲಿ ಅವಳೊಬ್ಬಳ ಬಗ್ಗೆ ಮಾತ್ರ ಮರ್ಯಾದೆಯಿಂದ ಮಾತಾಡಬೇಕು.

ಊರಿನ ನೀರೆಲ್ಲ ದಿನಕ್ಕೆ ಎಷ್ಟೋ ಸಲ ಅವಳ ಮನೆಯ ಮೂಲಕ ಹಾದು ಹೋಗುತ್ತಿತ್ತು. ಅಲ್ಲಿ ಎರಡು ಜರಡಿಗಳು. ಕೂದಲಿಗಿಂತ ಸಣ್ಣ ಎಳೆಯಲ್ಲಿ ನೆಯ್ದವು, ಒಂದೊಂದೂ ಒಂದು ಕೋಣೆಯಗಲ. ಊರಿನ ಕೊಳೆ ಹೊರಗೆ ಹೋಗಬೇಕು, ಊರಿನ ಸತ್ವ ಒಳಗೆ ಉಳಿಯಬೇಕು. ಇದನ್ನು ಆ ಜರಡಿಗಳು ಬಲ್ಲವಾಗಿದ್ದವು. ನೆಯ್ದವರು ಊರು ಹುಟ್ಟಿದಾಗಲೇ ಹೋದರು, ನೆಯ್ಗೆ ಅವರ ಜೊತೆಯೇ ಹೋಯಿತು. ಹರಿದರೆ ಹೊಲಿಯುವ ಹಾಗಿಲ್ಲ, ಸುಟ್ಟರೆ ಹೊಸದು ತರುವ ಹಾಗಿಲ್ಲ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಕಾವಲುಗಾರರಿಗೂ ಗೊತ್ತಿತ್ತು.

ಆದರೂ ಮೊದಲನೆಯ ಜರಡಿಯನ್ನು ಸುಟ್ಟರು. ಹಿರಿಯ ಕಾವಲುಗಾರನೇ ಅಂಗೈ ಇಟ್ಟ, ಅಂಟಿತು, ಕಹಳೆ ಊದಿದ. ಸೋಸುವವಳು ಅರ್ಧ ಸುಟ್ಟ ಸೆರಗಿನಲ್ಲೇ ಕಟ್ಟೆಯ ಹತ್ತಿರ ಬಂದಳು.

"ನನ್ನ ಜರಡಿ ಏನ್ ತಪ್ಪು ಮಾಡಿತ್ತು?" ಎಂದಳು.

"ಅಂಟ್ತು," ಎಂದ ಹಿರಿಯ ಕಾವಲುಗಾರ.

"ಅಂಟದೆ ಇನ್ನೇನಾಗತ್ತೆ? ಊರ್ ತುಂಬಾ ಪಾಕ ಹರೀತಿದೆ. ನಿನ್ನ ಕಣ್ಣಿನ ಬಟ್ಟೆ ಮುಟ್ಟಿ ನೋಡ್ಕೋ, ಅದೂ ಅಂಟತ್ತೆ. ಅದನ್ನೂ ಸುಡ್ತೀಯಾ?"

"ಅಂಗೈಗೆ ನೆಂಟರಿಲ್ಲಮ್ಮಾ."

"ಬುದ್ಧೀನೂ ಇಲ್ಲ," ಎಂದಳು.

ನಮ್ಮಲ್ಲಿ ಒಬ್ಬರಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡರು. ಕಾವಲುಗಾರ ಶಾಂತವಾಗಿ, ಎರಡನೆಯದನ್ನೂ ನೋಡುತ್ತೇನೆ, ಅಂಟಿದರೆ ಅದಕ್ಕೂ ಇದೇ ಗತಿ ಎಂದ. ಅವಳು ನಮ್ಮ ಕಡೆ ತಿರುಗಿ ನಲವತ್ತು ದಿನ ಕೇಳಿದಳು. ನಲವತ್ತು ದಿನದಲ್ಲಿ ಜರಡಿಯ ಮೇಲೆ ಒಂದು ಹನಿ ಅಂಟೂ ಇಲ್ಲದ ಹಾಗೆ ಮಾಡುತ್ತೇನೆ, ಆಮೇಲೆ ಬಂದು ಮುಟ್ಟಿ ಎಂದಳು. ನಾವು ತಲೆ ಆಡಿಸಿದೆವು. ತಲೆ ಆಡಿಸುವುದರಿಂದ ಒಳ್ಳೆಯದೂ ಆದದ್ದು ಅದೊಂದು ಸಲ.

ಅವಳು ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡೆ. ಗೋಡೆಯ ತೂತಿಗೆ ಬಾಯಿಟ್ಟು ಕೀಲಿ ತರುವವನಿಗೆ ಗಂಟೆ ಗಂಟೆಗೂ ಕಾಲುವೆಯ ಮಟ್ಟ ಕೂಗಿ ಹೇಳಿದಳು. "ಮೊಳಕಾಲಿಗೆ ಬಂತು ನೋಡಪ್ಪಾ! ಈಗ ಪಾದಕ್ಕೆ ಇಳೀತು, ಸಾಕು, ನಿಲ್ಸು!" ಅವನೂ ಕೇಳಿ ಕೇಳಿ ತಂದ. ಪಾಕ ಉಕ್ಕುವುದು ನಿಂತಿತು. ದಿನಕ್ಕೆ ಮೂರು ಸಲ ಬೂದಿ ಹಾಕಿ ನೆಲ ಉಜ್ಜಿದಳು, ಸೀಗೆಪುಡಿ ಹಾಕಿ ಗೋಡೆ ಉಜ್ಜಿದಳು, ಬೆರಳ ತುದಿಯಲ್ಲಿ ಎಳೆ ಎಳೆಯಾಗಿ ಜರಡಿ ತೊಳೆದಳು. ಅವಳ ಉಗುರುಗಳು ಸವೆದು ಹೋದವು. ಮೂವತ್ತನೆಯ ದಿನದ ಹೊತ್ತಿಗೆ ನನ್ನ ಮನೆಯ ಗೋಡೆಗೂ ಹಳೆಯ ನುಣುಪು ಬಂದಿತ್ತು. ನನಗೆ ಸಂತೋಷವಾಯಿತು, ಸುಳ್ಳು ಹೇಳಲಾರೆ. ಈ ಊರು ಬದುಕುತ್ತದೆ ಅನ್ನಿಸಿತು.

ಆದರೆ ಕಹಳೆಯ ಸದ್ದು ನಿಲ್ಲಲಿಲ್ಲ. ನುಣುಪಾದ ಗೋಡೆಯೂ ಅವರಿಗೆ ಅಂಟುತ್ತಿತ್ತು, ತೊಳೆದ ಕಂಬವೂ ಅಂಟುತ್ತಿತ್ತು. ಅವಳು ಎರಡು ದಿನ ಯೋಚಿಸಿ ನನ್ನ ಹತ್ತಿರ ಬಂದಳು.

"ಅಂಟು ಊರಲ್ಲಿಲ್ಲ ಯಜಮಾನ್ರೇ," ಎಂದಳು. "ಅವರ ಕೈಯಲ್ಲಿದೆ. ಇಷ್ಟು ವರ್ಷ ಪಾಕ ಸವರಿ ಸವರಿ ಅಂಗೈ ಮೇಲೆ ಬೆರಳು ದಪ್ಪ ಕೂತಿದೆ. ಅವರು ಮುಟ್ಟೋದು ನಮ್ಮನ್ನಲ್ಲ, ಅವರ ಕೈನೇ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನಮ್ಮ ಊರಿಗೆ ಬೇಕಾಗಿತ್ತು. ಅವಳು ಹೇಳುವವರೆಗೆ ಇಷ್ಟು ಸಣ್ಣ ವಿಷಯ ಏಳು ಹಿರಿತಲೆಗಳಲ್ಲಿ ಒಂದಕ್ಕೂ ತೋಚಿರಲಿಲ್ಲ. ನೀನು ಹೇಳಿದ್ದು ಸರಿ ತಾಯಿ ಎಂದೆ. ಹಾಗಾದರೆ ನಲವತ್ತನೆಯ ದಿನ ಎಲ್ಲರ ಮುಂದೆ ಇದೇ ಮಾತು ಹೇಳಿ ಎಂದಳು. ಹೇಳುತ್ತೇನೆ ಎಂದೆ.

ನಲವತ್ತನೆಯ ದಿನ ಮಧ್ಯಾಹ್ನ ಜರಡಿಯ ಮನೆಯಲ್ಲಿ ಎಲ್ಲರೂ ಸೇರಿದೆವು. ಹಿರಿಯರು ಏಳು ಜನ, ಕಾವಲುಗಾರರು ಸಾಲಾಗಿ, ಬಾಗಿಲ ಹೊರಗೆ ಊರು. ಜರಡಿ ಬಿಸಿಲಲ್ಲಿ ಹೊಳೆಯುತ್ತಿತ್ತು. ಮೊದಲು ನಾವು ಒಬ್ಬೊಬ್ಬರಾಗಿ ಮುಟ್ಟಿದೆವು. ನನ್ನ ಕೈ ಜಾರಿತು. ಏಳೂ ಕೈ ಜಾರಿದವು.

ಹಿರಿಯ ಕಾವಲುಗಾರ ಮುಂದೆ ಬಂದು ಅಂಗೈ ಇಟ್ಟ. ತೆಗೆಯುವಾಗ ಚರ್ರೆಂದು ಸದ್ದಾಯಿತು.

"ಅಂಟ್ತು," ಎಂದ. ಕಾವಲುಗಾರರ ಸಾಲು ಬಲೆ ಬಿಚ್ಚಿತು.

ಆಗ ಸೋಸುವವಳು ಯಾರೂ ಊಹಿಸದ ಕೆಲಸ ಮಾಡಿದಳು. ಅವನ ಮಣಿಕಟ್ಟು ಹಿಡಿದು ಕೈಯನ್ನು ನೀರಿನ ತೊಟ್ಟಿಯೊಳಗೆ ಅದ್ದಿಬಿಟ್ಟಳು. ಊರಿಗೆ ಊರೇ ಹೋ ಎಂದಿತು. ನಮ್ಮಲ್ಲಿ ಇಬ್ಬರು ಕಿವಿ ಮುಚ್ಚಿಕೊಂಡರು. ಕಣ್ಣು ಮುಚ್ಚುವ ಬದಲು ಕಿವಿ ಯಾಕೆ ಮುಚ್ಚಿದರೋ ಅವರಿಗೇ ಗೊತ್ತು. ಅವನು ಕಂಬದಂಥ ಆಳು, ಒಮ್ಮೆ ಒದರಿದ್ದರೆ ಅವಳು ಗೋಡೆಗೆ ಬೀಳುತ್ತಿದ್ದಳು. ಒದರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಅಂಗೈಗೆ ನೀರು ಸೋಕಿತ್ತು, ದಂಗಾಗಿ ನಿಂತಿದ್ದ. ಅವಳು ಬೂದಿ ಹಾಕಿ ಉಜ್ಜಿದಳು, ಸೀಗೆ ಹಾಕಿ ಉಜ್ಜಿದಳು. ಕಂದು ಬಣ್ಣದ ಪದರ ಚಕ್ಕೆ ಚಕ್ಕೆಯಾಗಿ ಎದ್ದು ತೊಟ್ಟಿಯಲ್ಲಿ ತೇಲಿತು. ಕೆಳಗೆ ಮಗುವಿನ ಕೈಯಂಥ ಕೆಂಪು ಅಂಗೈ ಕಂಡಿತು.

"ಈಗ ಮುಟ್ಟು," ಎಂದಳು.

ಅವನು ಮುಟ್ಟಿದ. ಕೈ ಜಾರಿತು. ಮತ್ತೆ ಮುಟ್ಟಿದ, ಮತ್ತೆ ಜಾರಿತು. ಮೂರನೆಯ ಸಲ ಐದೂ ಬೆರಳು ಅಗಲಿಸಿ ಮುಟ್ಟಿದ.

"ನುಣುಪಾಗಿದೆ," ಎಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

"ನುಣುಪಾಗೇ ಇದೆಯಪ್ಪಾ."

ಆಮೇಲೆ ಅವನು ಕೇಳಿದ. "ಹಾಗಾದ್ರೆ ಮೊದಲ್ನೇ ಜರಡಿ?"

ಅವಳು ಕೈಗೆ ಮೆತ್ತಿದ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು.

"ಗಂಟೆ ಹಗ್ಗ? ದೀಪದ ಗೋಪುರ?"

"ಎಲ್ಲಾ ನಮ್ದೇ ಆಗಿತ್ತು ಕಣಪ್ಪಾ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೇಲೆ ಒಂದಿಷ್ಟು ಪಾಕ ಮೆತ್ತಿತ್ತು, ಅಷ್ಟೇ. ಆಗಿದ್ದು ಆಗ್ಹೋಯ್ತು. ನಿನ್ನ ಯಾರೂ ಏನೂ ಅನ್ನಲ್ಲ. ಇದೊಂದ್ ಉಳ್ಸು."

ಅವನು ಬಟ್ಟೆ ಕಟ್ಟಿದ ಮುಖವನ್ನು ನಮ್ಮ ಕಡೆ ತಿರುಗಿಸಿದ. "ಹಿರಿಯರೇನಂತೀರಿ?"

ನಾನು ಮಾತು ಕೊಟ್ಟಿದ್ದೆ. ನಾಲಗೆಯ ತುದಿಗೆ ಮಾತು ಬಂದಿತ್ತು. ಆದರೆ ಅವನ ಹಿಂದೆ ಸಾಲಾಗಿ ನಿಂತವರ ಕೈಗಳು ಇನ್ನೂ ತೊಳೆದಿರಲಿಲ್ಲ, ಬಲೆಗಳು ಬಿಚ್ಚಿದ್ದವು. ಮಾತಾಡಿದವನ ಮೈಯನ್ನೇ ಮೊದಲು ಸವರಿಬಿಟ್ಟರೆ? ಅಷ್ಟಲ್ಲದೆ, ಅವನು ತಪ್ಪು ಮಾಡಿದ್ದರೆ ಪ್ರತಿ ಸಂಜೆ ತಲೆ ಆಡಿಸಿದ ನಾವೇನು ಮಾಡಿದ ಹಾಗಾಯಿತು? ನಾನು ತಲೆ ಆಡಿಸಿದೆ. ಏಳೂ ಜನ ತಲೆ ಆಡಿಸಿದೆವು, ಕುರುಡುಬಟ್ಟೆ ಕಟ್ಟಿದವನ ಎದುರಿಗೆ, ಬಾಯಿ ಬಿಡದೆ. ಅವನಿಗೆ ಕೇಳಿಸಿದ್ದು ಬರೀ ಮೌನ. ಸೋಸುವವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಹಿರಿಯ ಕಾವಲುಗಾರ ಆ ಕೆಂಪು ಅಂಗೈಯನ್ನು ಒಂದು ಗಳಿಗೆ ಎದೆಗೆ ಒತ್ತಿಕೊಂಡು ನಿಂತ. ಇಷ್ಟು ವರ್ಷ ಸುಟ್ಟದ್ದೆಲ್ಲ ಅವನ ಮನಸ್ಸಿನಲ್ಲಿ ಸಾಲುಗಟ್ಟಿ ಬಂದಿರಬೇಕು. ಆಮೇಲೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಆ ಕೈಯನ್ನು ಪಾಕ ಮೆತ್ತಿದ ತನ್ನ ಹಳೆಯ ಬಲೆಗೆ ಒರೆಸಿಕೊಂಡ. ಒಂದು ಸಲ, ಎರಡು ಸಲ, ಚೆನ್ನಾಗಿ ಅಂಟಿಕೊಳ್ಳುವವರೆಗೆ. ಒರೆಸಿಕೊಂಡು ಜರಡಿಯ ಮೇಲೆ ಇಟ್ಟ.

"ಅಂಟ್ತು," ಎಂದ.

ಕಹಳೆ, ಬಲೆ, ಬೆಂಕಿ.

ಕೂದಲಿಗಿಂತ ಸಣ್ಣ ಎಳೆಗಳು ಉರಿಯುವುದಕ್ಕೆ ಎಷ್ಟು ಹೊತ್ತು ಬೇಕು? ನಾವು ಚಪ್ಪಲಿ ಹುಡುಕಿ ಮೆಟ್ಟಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೋಸುವವಳು ತೊಟ್ಟಿಯ ಪಕ್ಕ ಕೂತಳು. ಸಂಜೆ ಹಿರಿಯ ಕಾವಲುಗಾರನಿಗೆ ಕಟ್ಟೆಯ ಮೇಲೆ ಶಾಲು ಹೊದೆಸಲಾಯಿತು. ಅವನ ಅಂಗೈಯ ನಿಷ್ಠೆಯನ್ನು ಕುರಿತು ನಾನೇ ನಾಲ್ಕು ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಎಂದು ಎಲ್ಲರೂ ಹೇಳಿದರು.

ಮಾರನೆಯ ದಿನದಿಂದ ನೀರು ಸೋಸದೆ ಹರಿಯಿತು. ಊರಿನ ಕೊಳೆ ಊರಿನಲ್ಲೇ ತಿರುಗಿತು, ಊರಿನ ಸತ್ವ ಚರಂಡಿಗೆ ಹೋಯಿತು. ಜನರ ಮುಖಗಳು ಊದಿಕೊಂಡವು, ಬಾಯಿ ಕಬ್ಬಿಣ ನೆಕ್ಕಿದ ಹಾಗಾಯಿತು, ಮೈಯೆಲ್ಲ ತುರಿಕೆ. ಕೀಲಿ ತರುವವನು ತೂತಿನ ಆಚೆ ನಿಂತು, "ಮಟ್ಟ ಎಷ್ಟಿದೆ ಹೇಳ್ರಪ್ಪಾ, ಯಾರಾದ್ರೂ ಹೇಳ್ರಪ್ಪಾ" ಎಂದು ಕೂಗುತ್ತಿದ್ದ. ಯಾರಿಗೂ ಎದ್ದು ಹೋಗುವ ತ್ರಾಣವಿರಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಹಿರಿಯ ಕಾವಲುಗಾರ ಬಾಯಾರಿ ಜರಡಿಯ ಮನೆಗೆ ಬಂದ. ನಾನು ಅಲ್ಲಿದ್ದೆ, ಅವಳ ಮುಂದೆ ಏನಾದರೂ ಹೇಳಬೇಕೆಂದು ಹೋಗಿ ಹೊಸ್ತಿಲಲ್ಲೇ ನಿಂತಿದ್ದೆ. ಅವನು ನೀರು ಕೇಳಿದ. ಅವಳು ತೊಟ್ಟಿಯಲ್ಲಿದ್ದ ನೀರನ್ನೇ ಒಂದು ಚೆಂಬು ತುಂಬಿ ಅವನ ಬಾಯಿಗೆ ಹಿಡಿದಳು. ಎರಡು ಗುಟುಕು ಕುಡಿದು ಥೂ ಎಂದು ಉಗಿದ.

"ಏನೇ ಇದು, ವಿಷ!" ಎಂದು ಅರಚಿದ. "ಯಾರು? ಯಾರು ಕೆಡಿಸಿದ್ದು ನಮ್ಮೂರ ನೀರನ್ನ?"

ಅವಳು ಚೆಂಬನ್ನು ಕೆಳಗಿಟ್ಟು, ಅವನ ಮುಖಕ್ಕೆ ಮುಖ ಕೊಟ್ಟು, "ನೀನೇ" ಎಂದಳು.

ಅಷ್ಟರಲ್ಲಿ ಅವನು ಕಹಳೆಯನ್ನು ಬಾಯಿಗಿಟ್ಟಾಗಿತ್ತು.